ಎದ್ದರೂ ಎಚ್ಚರವಾಗದ ಕಂಪ್ಯೂಟರ್

ಇದು ನಡೆದ ಕತೆ. ಒಂದಕ್ಷರ ಸುಳ್ಳಿದ್ದರೂ ಹೇಳಿದವನ ಕಿವಿ ಹಿಂಡಿ.

ನಕ್ಷೆ ಕಚೇರಿಯ ಕಂಪ್ಯೂಟರ್ ರಿಪೇರಿಯವನನ್ನು ಎಲ್ಲರೂ ಗಿಳಿ ಎಂದೇ ಕರೆಯುತ್ತಿದ್ದರು. ಯಾರ ದನಿಯನ್ನಾದರೂ ಒಂದೇ ದಿನದಲ್ಲಿ ಕದ್ದುಬಿಡುತ್ತಿದ್ದ. ತಿಂಗಳ ಹಿಂದೆ ತೀರಿಕೊಂಡ ಕಚೇರಿಯ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡವರು, ಅವರ ದನಿಯನ್ನು ಮಾತ್ರ ಆಮೇಲೆ ಮುಟ್ಟಿರಲಿಲ್ಲ.

ಸೀಟು ಬಿಟ್ಟು ಏಳುವವರು ಕಂಪ್ಯೂಟರನ್ನು ಸ್ಲೀಪ್ ಒತ್ತಿ ಮಲಗಿಸಿಯೇ ಏಳಬೇಕು ಎಂಬುದು ದೊಡ್ಡವರ ಕಟ್ಟಪ್ಪಣೆ. ನಕ್ಷೆ ಬರೆಯುವ ಅಕ್ಕನ ಕಂಪ್ಯೂಟರ್ ಊಟದ ನಂತರ ಏಳುತ್ತಿತ್ತು, ಪರದೆ ಬೆಳಗುತ್ತಿತ್ತು, ನೆಟ್‌ವರ್ಕ್ ಮಾತ್ರ ಗೊರಕೆ ಹೊಡೆಯುತ್ತಿತ್ತು. ದೊಡ್ಡವರು ತೀರಿಕೊಂಡ ದಿನವೂ ಹಾಗೇ ಆಗಿತ್ತು. "ಒಂದು ಲೋಟ ನೀರು ತರ್ತೀಯಾ ತಾಯಿ" ಎಂದು ಪಕ್ಕದ ಕೋಣೆಯಿಂದ ದೊಡ್ಡವರು ಕಂಪ್ಯೂಟರಿನಲ್ಲಿ ಕಳಿಸಿದ ಸಾಲು, ಆಕೆ ಕಂಪ್ಯೂಟರನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದಾಗ, ಎರಡು ಗಂಟೆ ತಡವಾಗಿ ಕಂಡಿತು. ಅಷ್ಟರಲ್ಲಿ ಅವರು ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಅಂದಿನಿಂದ ಅಕ್ಕ ನಕ್ಕಿಲ್ಲ.

"ಮಲಗಿಸಿದ್ದು ನಾನೇ ಕಣೋ," ಎಂದಳು, ಇವತ್ತೂ ನೆಟ್‌ವರ್ಕ್ ಏಳದೆ ಗಿಳಿಯನ್ನು ಕರೆಸಿ. "ನನ್ನ ಕೈಯಾರೆ."

"ಬಿಡಕ್ಕಾ, ಎಷ್ಟು ಸಲ ಅದೇ ಮಾತು! ಕೇಬಲ್ ನೋಡ್ಕೊಂಡು ಬರ್ತೀನಿ."

ಕೇಬಲ್ಲಿನ ಇನ್ನೊಂದು ತುದಿ ದೊಡ್ಡವರ ಕೋಣೆಯಲ್ಲಿತ್ತು. ತಿಂಗಳಿಂದ ಯಾರೂ ತೆರೆಯದ ಬಾಗಿಲು. ಕುರ್ಚಿಯ ದಿಂಬಿನಲ್ಲಿ ಬೆನ್ನಿನ ಗುಂಡಿ ಹಾಗೇ ಇತ್ತು, ಈಗಷ್ಟೇ ಎದ್ದು ಹೋದಂತೆ. ಗೋಡೆಯ ನೆಟ್‌ವರ್ಕ್ ಪೆಟ್ಟಿಗೆಯಲ್ಲಿ ಎಲ್ಲ ದೀಪಗಳೂ ಮಿಟುಕುತ್ತಿದ್ದವು, ಅಕ್ಕನದೊಂದು ಬಿಟ್ಟು. ಕೇಬಲ್ಲಿಗೆ ಏನೂ ಆಗಿರಲಿಲ್ಲ. ಗಿಳಿಗೆ ಅದು ಮೊದಲೇ ಗೊತ್ತಿತ್ತು. ಕರೆಂಟು ಉಳಿಸಲು ನೆಟ್‌ವರ್ಕ್ ಕಾರ್ಡನ್ನೂ ಮಲಗಿಸುವ ಒಂದು ಟಿಕ್ ಗುರುತು ಸೆಟ್ಟಿಂಗಿನಲ್ಲಿ ಇರುತ್ತದೆ, ತೆಗೆದರೆ ಆಯಿತು. ಉಳಿದವರ ಕಂಪ್ಯೂಟರುಗಳಲ್ಲಿ ಎಂದೋ ತೆಗೆದಿದ್ದ. ಅಕ್ಕ ಮೂರು ಸಲ ದೂರಿನ ಚೀಟಿ ಬರೆದಿದ್ದಳು. ಮೂರು ಸಲವೂ ನಾಳೆ ಎಂದಿದ್ದ.

ಬೆನ್ನ ಹಿಂದೆ ಕುರ್ಚಿ ಕಿರ್ ಎಂದಿತು. ತಿರುಗಿದರೆ ಯಾರೂ ಇಲ್ಲ. ಅಕ್ಕನನ್ನೊಮ್ಮೆ ನಗಿಸಿಬಿಟ್ಟರೆ ಎಲ್ಲ ಸರಿಹೋದೀತು ಎಂದುಕೊಂಡು ಮೇಜಿನ ಫೋನೆತ್ತಿ, ಆಕೆಯ ನಂಬರು ಒತ್ತಿ, ದೊಡ್ಡವರ ಹಾಗೆ ಎರಡು ಸಲ ಕೆಮ್ಮಿದ.

"ಏನ್ ತಾಯಿ, ಇನ್ನೂ ಏಳಲಿಲ್ವಾ ನಿನ್ನ ಸೋಮಾರಿ ಕಂಪ್ಯೂಟರು?"

ಬೈಗುಳ ಬರುತ್ತದೆಂದು ಫೋನನ್ನು ಕಿವಿಯಿಂದ ದೂರ ಹಿಡಿದ.

"ಸರ್..." ಎಂದಳು ಅಕ್ಕ. "ನೀರು ಕೇಳಿದ್ರಲ್ಲ. ನನ್ನ ಮೇಲೆ ಸಿಟ್ಟಾ?"

ಗಿಳಿ ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡ. ಫೋನಿಟ್ಟರೆ ಸಿಟ್ಟಿದೆ ಎಂದಂತೆ. ತನ್ನ ದನಿಯಲ್ಲಿ ನಿಜ ಹೇಳಲು ಎದೆಯಿಲ್ಲ.

"ನಿಂದೇನೂ ತಪ್ಪಿಲ್ಲ ತಾಯಿ. ಮೂರು ಚೀಟಿ ಬರೆದಿದ್ದೆ ನೀನು. ಆ ಗಿಳಿ ನಾಳೆ ನಾಳೆ ಅಂತ ತಳ್ಳಿದ. ಒಂದು ನಿಮಿಷದ ಕೆಲಸ. ತಪ್ಪೆಲ್ಲ ಅವನದೇ."

ಆಮೇಲೆ ಫೋನಿನಲ್ಲೂ ಗೋಡೆಯಾಚೆಯೂ ಒಟ್ಟಿಗೇ ನಗು ಒಡೆಯಿತು. ಅಕ್ಕ ಬಾಗಿಲಿಗೆ ಬಂದು ನಿಂತಳು. ಕೆನ್ನೆಯೆಲ್ಲ ನೀರು.

"ಲೋ ಕಳ್ಳ! 'ನಿಂದೇನೂ ತಪ್ಪಿಲ್ಲ' ಅಂತ ಅವರು ಯಾರಿಗಾದ್ರೂ ಅಂದಿದ್ದುಂಟೇನೋ? ಅಲ್ಲೇ ಸಿಕ್ಕಿಬಿದ್ದೆ! ನಾನೇ ಕೊಂದೆ ಅಂತ ತಿಂಗಳಿಂದ ಸಾಯ್ತಿದ್ದೆನಲ್ಲೋ ಪಾಪಿ!"

"ತಪ್ಪಾಯ್ತಕ್ಕಾ," ಎಂದ ಗಿಳಿ.

ಬೇಡವೆಂದರೂ ಬಾಯಿಂದ ಬಂದದ್ದು ದೊಡ್ಡವರ ದನಿ. ಗಾಬರಿಯಾಗಿ ಕೆಮ್ಮಿದ. ಕೆಮ್ಮೂ ಅವರದೇ.

"ಸಾಕು, ನಿಲ್ಸೋ!"

"ನಿಲ್ಸಿದೀನಿ ಅಕ್ಕಾ," ಎಂದಿತು ಆ ದನಿ.

ಅಕ್ಕ ಗೋಡೆ ಹಿಡಿದುಕೊಂಡು, ಕಚೇರಿಯೆಲ್ಲ ಎದ್ದು ಬರುವಷ್ಟು ಜೋರಾಗಿ ನಕ್ಕಳು.