ಹಿಂಡದೆ ಬಿಟ್ಟ ಕೋಸು

ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಅಮೆರಿಕದ ಮಿಲ್‌ವಾಕಿಯ ಒಂದು ಪೋಲಿಷ್ ಚರ್ಚಿನ ನೆಲಮಾಳಿಗೆಯಲ್ಲಿ ಪಿರೋಗಿ ಊಟ. ಆ ಕಡುಬುಗಳಿಗೆ ಉಪ್ಪಿನಲ್ಲಿ ಹುಳಿ ಬರಿಸಿದ ಎಲೆಕೋಸಿನ ಹೂರಣ ಮಾಡುವುದು ಇಪ್ಪತ್ತೆರಡು ವರ್ಷಗಳಿಂದ ಬ್ರೋಂಕಾಳ ಕೆಲಸ. ಈ ವರ್ಷ ಇರ್ಮ್‌ಗಾರ್ಡ್ ಬಂದು ಪಕ್ಕದಲ್ಲಿ ನಿಂತಳು. ಜರ್ಮನ್ ಹೆಂಗಸು, ಪೋಲಿಷ್ ಗಂಡ ತೀರಿಕೊಂಡ ಮೇಲೂ ಅವನ ಚರ್ಚನ್ನು ಬಿಟ್ಟಿರಲಿಲ್ಲ. ಅವಳು ಕೋಸಿಗೆ ಸೇಬು ತುರಿದು ಹಾಕುತ್ತಿದ್ದಳು. ಗುರುತಿಗೆಂದು ಕಡುಬಿನ ಅಂಚನ್ನು ಫೋರ್ಕಿನಿಂದ ಒತ್ತುತ್ತಿದ್ದಳು. ಬ್ರೋಂಕಾ ಬೆರಳಿನಿಂದಲೇ ಒತ್ತುತ್ತಿದ್ದಳು.

ಮೊದಲ ಶುಕ್ರವಾರವೇ ಬ್ರೋಂಕಾ ತನ್ನ ಗಂಡ ಝೆನೆಕ್‌ನ ತಟ್ಟೆ ನೋಡಿದಳು.

"ಏನ್ರೀ, ಹೆಕ್ಕಿ ಹೆಕ್ಕಿ ಅವಳದ್ದೇ ತಿಂತಿದೀರಾ?"

"ಕೈಗೆ ಸಿಕ್ಕಿದ್ದು ತಿಂತಿದೀನಿ ಕಣೇ."

"ಫೋರ್ಕಿನ ಗುರುತಿರೋದೇ ಸಿಗುತ್ತಲ್ಲ, ಭಲೇ ಕೈ!"

ಝೆನೆಕ್ ಮೀಸೆ ಒರೆಸಿಕೊಂಡು ಮತ್ತೆರಡು ಹಾಕಿಸಿಕೊಂಡ. ನಲವತ್ತಾರು ವರ್ಷದ ಸಂಸಾರದಲ್ಲಿ ಅವನು ಬ್ರೋಂಕಾಳ ಕೈಯಡುಗೆಯನ್ನು ಹೀಗೆ ಕೇಳಿ ಹಾಕಿಸಿಕೊಂಡದ್ದು ಅವಳಿಗೆ ನೆನಪಿಲ್ಲ. ವಾರವಿಡೀ ಹೊಟ್ಟೆಯಲ್ಲಿ ಕೆಂಡವಿಟ್ಟುಕೊಂಡು ಓಡಾಡಿದಳು.

ಮುಂದಿನ ಶುಕ್ರವಾರ ಇರ್ಮ್‌ಗಾರ್ಡ್ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಬಂದಳು.

"ಮಂಜಿನ ಮೇಲೆ ಜಾರಿಬಿದ್ದೆ, ಬ್ರೋಂಕಕ್ಕ. ನನ್ನ ಕೋಸನ್ನೂ ಹಿಂಡಿಕೊಡ್ತೀರಾ? ಬಟ್ಟೆ ತಿರುಚೋಕೆ ಆಗ್ತಿಲ್ಲ."

"ಅದಕ್ಕೇನಂತೆ, ಕೊಡು."

ತನ್ನ ಕೋಸನ್ನು ಬ್ರೋಂಕಾ ಬಟ್ಟೆಯಲ್ಲಿ ಕಟ್ಟಿ ಹನಿಯೂ ಉಳಿಯದಂತೆ ಹಿಂಡಿದಳು. ಇರ್ಮ್‌ಗಾರ್ಡ್‌ಳದನ್ನು ಎರಡೇ ಸುತ್ತು ತಿರುಚಿ ಬಿಟ್ಟಳು. ಕೋಸಿನಲ್ಲಿ ನೀರುಳಿದರೆ ಕಡುಬು ಕುದಿಯುವಾಗ ಬಾಯಿ ಬಿಡುತ್ತದೆಂದು ಆ ಅಡುಗೆಮನೆಯಲ್ಲಿ ತಿಳಿಯದವರಿಲ್ಲ.

ಸಂಜೆ ಐದಕ್ಕೆ ಇರ್ಮ್‌ಗಾರ್ಡ್‌ಳ ಕಡುಬುಗಳು ಬಾಯಿ ಬಿಟ್ಟೇಬಿಟ್ಟವು. ಹಂಡೆಯ ತುಂಬ ಕೋಸು, ಹರಿದ ಹಿಟ್ಟಿನ ಚೂರು. ಜನ ಆಗಲೇ ಮೆಟ್ಟಿಲವರೆಗೂ ಸಾಲು ನಿಂತಿದ್ದರು. ಬ್ರೋಂಕಾ ಒಳಗೊಳಗೇ ಹಿಗ್ಗಿದಳು, ಮರುಕ್ಷಣವೇ ಆ ಸಾಲಿನತ್ತ ನೋಡಿ ಹೆದರಿದಳು.

ಇರ್ಮ್‌ಗಾರ್ಡ್ ಕೂಗಾಡಲಿಲ್ಲ. ಎಲ್ಲವನ್ನೂ ಜರಡಿಯಲ್ಲಿ ಬಸಿದಳು. ದೊಡ್ಡ ಬಾಣಲೆಯಲ್ಲಿ ಬೆಣ್ಣೆ ಕರಗಿಸಿ, ಈರುಳ್ಳಿ ಕೆಂಪಗೆ ಹುರಿದು, ಹಿಟ್ಟು ಕೋಸು ಎರಡನ್ನೂ ಸುರಿದು ಕರಿಮೆಣಸು ಹಾಕಿ ಬಾಡಿಸಿದಳು. ಘಮ ಮೆಟ್ಟಿಲು ಹತ್ತಿತು.

"ಪಿರೋಗಿ ಇರ್ಲಿ ತಾಯಿ, ಆ ಬಾಣಲೇದು ಹಾಕಿ!" ಎಂದ ಸಾಲಿನ ಮೊದಲಿನವ.

ಏಳು ಗಂಟೆಗೆ ಬಾಣಲೆ ಬರಿದು. ಬ್ರೋಂಕಾಳ ಎರಡು ತಟ್ಟೆ ಪಿರೋಗಿ ಹಾಗೇ ಉಳಿದವು. ಝೆನೆಕ್ ಮೂರನೆಯ ಸಲ ತಟ್ಟೆ ಕೆರೆಯುತ್ತಿದ್ದ.

"ನಿಜ ಹೇಳ್ಬೇಕಂದ್ರೆ..."

"ಹೇಳ್ಬೇಡಿ."

ಪಾತ್ರೆ ತೊಳೆಯುವಾಗ, ಯಾರೂ ಇಲ್ಲದ್ದು ನೋಡಿ, ಬಾಣಲೆಯ ಅಂಚಿಗೆ ಹತ್ತಿದ್ದನ್ನು ಬ್ರೋಂಕಾ ಬೆರಳಲ್ಲಿ ಕೆರೆದು ಬಾಯಿಗಿಟ್ಟಳು. ಚೆನ್ನಾಗಿತ್ತು. ಚೆನ್ನಾಗಿದ್ದುದಕ್ಕೇ ಅಳು ಬಂತು.

"ಅಕ್ಕಾ." ಹಿಂದೆ ಇರ್ಮ್‌ಗಾರ್ಡ್. ಕೈಯಲ್ಲಿ ಬೆಳಗ್ಗೆ ಅವಳ ಕೋಸು ಹಿಂಡಿದ ಬಟ್ಟೆ, ಇನ್ನೂ ತೊಟ್ಟಿಕ್ಕುತ್ತಿತ್ತು. "ಮುಂದಿನ ಶುಕ್ರವಾರಾನೂ ಇದನ್ನೇ ಮಾಡಿ ಅಂದ್ರು ಫಾದರ್. ಅಷ್ಟೊತ್ತಿಗೆ ನನ್ನ ಕೈ ವಾಸಿಯಾಗಿರುತ್ತೆ. ಆದ್ರೂ ಕೋಸು ನೀವೇ ಹಿಂಡ್ಬೇಕು. ನಿಮ್ಮ ಹಾಗೆ ಹಿಂಡೋಕೆ ನನಗೆ ಬರಲ್ಲ."

ಬ್ರೋಂಕಾ ಬಟ್ಟೆಯನ್ನು ಕಿತ್ತುಕೊಂಡು, ಕೊನೆಯ ಹನಿ ಬೀಳುವವರೆಗೂ ತಿರುಚಿದಳು.