ಎರಡು ಬೆರಳಿನಷ್ಟು ಬಾಗು

ಪರದೆಯ ಮೇಲೆ ನಲವತ್ತೊಂದು ಎಂದು ಬಂತು. ಮೇಘಾ ನಂಬದೆ ಇನ್ನೊಮ್ಮೆ ಲೆಕ್ಕ ಓಡಿಸಿದಳು. ಮತ್ತೆ ನಲವತ್ತೊಂದು. ಕಾಲುವೆ ಏರಿಯ ಕಚ್ಚಾ ದಾರಿ, ಹಿಂದಿನ ಟ್ರಾಲಿಯಲ್ಲಿ ನಾಟಿಗೆ ಹೊರಟ ಹದಿನಾಲ್ಕು ಹೆಂಗಸರು, ಗಂಟೆಗೆ ನಲವತ್ತೊಂದು ಕಿಲೋಮೀಟರ್. ಅವಳ ಮಾಮ ಅಷ್ಟು ಜೋರಾಗಿ ಹೋಗುವವನೇ? ಅವಳಿಗೆ ಗೊತ್ತಿದ್ದ ಮಾರೇಶ ಖಾಲಿ ಟ್ರ್ಯಾಕ್ಟರನ್ನೂ ಹಾಗೆ ಓಡಿಸಿದವನಲ್ಲ.

ಅವಳು ಒಂದೇ ಒಂದು ಅಂಕಿ ಬದಲಿಸಿದಳು. ಡಿಕ್ಕಿಗೆ ಮೊದಲು, ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಕೂಡಿಸುವ ಕಬ್ಬಿಣದ ತೋಳು ಎಷ್ಟು ಬಾಗಿತ್ತು ಎಂಬಲ್ಲಿ ಸೊನ್ನೆ ಇತ್ತು. ಅದನ್ನು ಅಳಿಸಿ ಮೂವತ್ತೈದು ಮಿಲಿಮೀಟರ್ ಎಂದು ಹಾಕಿದಳು. ನಲವತ್ತೊಂದು ಇದ್ದ ಕಡೆ ಹದಿನಾಲ್ಕು ಬಂತು. ಮೇಘಾ ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡಳು.

ಬಳ್ಳಾರಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವಳು ಮೆಕ್ಯಾನಿಕಲ್ ಪಾಠ ಹೇಳುತ್ತಿದ್ದಳು. ಪೆಟ್ಟು ಬಿದ್ದಾಗ ಉಕ್ಕಿನ ಕೊಳವೆಗಳು ಹೇಗೆ ಮಡಚಿಕೊಳ್ಳುತ್ತವೆ, ಯಾವ ಗಳಿಗೆಯಲ್ಲಿ ಅವುಗಳ ನಿಲುವು ತಪ್ಪುತ್ತದೆ ಎಂಬುದನ್ನು ಗಣಿತದಲ್ಲಿ ಹಿಡಿಯುವುದು ಅವಳ ಸಂಶೋಧನೆ. ಐದು ವರ್ಷ ಅವಳು ಮಡಚಿದ್ದೆಲ್ಲ ಕಂಪ್ಯೂಟರಿನೊಳಗಿನ ಕೊಳವೆಗಳನ್ನೇ. ಆಗಸ್ಟಿನಲ್ಲಿ ರಾರಾವಿ ಹತ್ತಿರ ನಿಜವಾದದ್ದೊಂದು ಮಡಚಿತು. ಅವಳ ತಾಯಿಯ ತಮ್ಮ ಮಾರೇಶ ಓಡಿಸುತ್ತಿದ್ದ ಟ್ರ್ಯಾಕ್ಟರಿನ ಮುಂದಿನ ಚಕ್ರ ತೂಬಿನ ಕಲ್ಲಿಗೆ ಬಡಿದು ಗಕ್ಕನೆ ನಿಂತಿತ್ತು. ಹಿಂದಿನಿಂದ ಟ್ರಾಲಿಯ ಭಾರವೆಲ್ಲ ನುಗ್ಗಿ ಬಂದು, ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವಿನ ಕಬ್ಬಿಣದ ತೋಳು ಮಡಚಿ, ಟ್ರಾಲಿ ಹೊರಳಿ ಕಾಲುವೆಗೆ ಉರುಳಿತ್ತು. ಹನುಮಮ್ಮ ಎಂಬಾಕೆ ಅಡಿಗೆ ಸಿಕ್ಕು ಸತ್ತಳು. ಆಕೆಯ ನೆಗೆಣ್ಣಿ ಹುಲುಗಮ್ಮನ ಸೊಂಟದ ಎಲುಬು ಮುರಿಯಿತು. ಅಜಾಗರೂಕತೆಯಿಂದ ಜೋರಾಗಿ ಓಡಿಸಿದ ಎಂದು ಮಾರೇಶನ ಮೇಲೆ ಕೇಸಾಯಿತು.

ಮಾರೇಶನ ವಕೀಲ ಸಂಗಮೇಶ್ ಸಿರುಗುಪ್ಪದಿಂದ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದರು. "ಮೇಡಂ, ಮಡಚಿದ ಕಬ್ಬಿಣ ನೋಡಿ ಸ್ಪೀಡು ಹೇಳಬಹುದು ಅಂತ ನೀವಾ ಅಂದ್ರಿ. ನನಗ ಒಂದಾ ಒಂದು ನಂಬರ್ ಸಾಕು. ಇಪ್ಪತ್ತರೊಳಗ ಇದ್ರ ನಮ್ ಕೆಲಸ ಆದಂಗ."

"ಲೆಕ್ಕ ಇನ್ನಾ ಕೂಡತಿಲ್ರಿ," ಎಂದಳು ಮೇಘಾ.

"ಕೂಡಸ್ರಿ ಮತ್ತ," ಎಂದರು ಅವರು, ಬಹಳ ಸಹಜವಾಗಿ.

ಮರುದಿನವೇ ಅವಳು ಸಿರುಗುಪ್ಪದ ಬಸ್ಸು ಹತ್ತಿದಳು. ಅಲ್ಲಿನ ಪೊಲೀಸ್ ಠಾಣೆಯ ಹಿಂದಿನ ಬಯಲಲ್ಲಿ, ಜಾಲಿ ಗಿಡಗಳ ನಡುವೆ, ಜಪ್ತಿಯಾದ ಬೈಕುಗಳ ಸಾಲಿನಾಚೆ ಟ್ರಾಲಿ ಬಿದ್ದಿತ್ತು. ಮಾರೇಶ ಅವಳಿಗಿಂತ ಮೊದಲೇ ಬಂದು ಕಾಯುತ್ತಿದ್ದ. ಅವನೀಗ ಸ್ಟೇರಿಂಗು ಮುಟ್ಟುತ್ತಿರಲಿಲ್ಲ. ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಅಂಗಿಯ ಹೆಗಲ ಮೇಲೆ ತೌಡಿನ ಪುಡಿ ಕೂತಿತ್ತು. ಮೇಘಾ ಟೇಪು ಹಿಡಿದು ಬಗ್ಗಿದಾಗಲೂ ಅವನು ಹತ್ತಿರ ಬರಲಿಲ್ಲ. ಚಿಕ್ಕಂದಿನಲ್ಲಿ ಅವಳ ಕೈಗೆ ಮೊದಲು ಪಾನಾ ಕೊಟ್ಟವನು, ನಟ್ಟು ಯಾವ ಕಡೆ ತಿರುಗಿಸಿದರೆ ಬಿಗಿಯುತ್ತದೆ ಎಂದು ತೋರಿಸಿಕೊಟ್ಟವನು ಇವನೇ. ಈಗ ಹತ್ತು ಹೆಜ್ಜೆ ದೂರ ನಿಂತು ರಸ್ತೆ ನೋಡುತ್ತಿದ್ದ.

ತೋಳು ಮೊಣಕೈಯಂತೆ ಮಡಚಿತ್ತು. ಮಡಿಕೆಯ ಬಣ್ಣವೆಲ್ಲ ಹಾರಿ ತುಕ್ಕು ಹಿಡಿದಿತ್ತು. ಇದರಲ್ಲಿ ಹಳೆಯ ತುಕ್ಕು ಯಾವುದು, ಕಳೆದ ಮೂರು ತಿಂಗಳದ್ದು ಯಾವುದು? ಅವಳು ಉಗುರಿನಿಂದ ಕೆರೆದು ನೋಡಿದಳು. ಕೆಂಪು ಪುಡಿ ಉದುರಿತೇ ಹೊರತು ಏನೂ ತಿಳಿಯಲಿಲ್ಲ.

"ಮಾಮ, ಇದು ಮೊದಲಾ ಒಂಚೂರು ಬಾಗಿತ್ತೇನು?"

"ಇಲ್ಲ. ನೆಟ್ಟಗಿತ್ತು."

"ಒಂದೀಟೂ ಇಲ್ಲ?"

"ಸಾಲ್ಯಾಗಿನ ಸ್ಕೇಲ್ ಇದ್ದಂಗ ಇತ್ತು ಅಂದ್ನೆಲ್ಲ."

"ಹಂಗಾದ್ರ ನೀ ಜೋರ ಹೊಂಟಿದ್ದಿ."

"ಜೋರ ಹೊಂಟಿದ್ದಿಲ್ಲ."

ಮೇಘಾ ಎದ್ದು ನಿಂತಳು. "ಎರಡೂ ಆಗಂಗಿಲ್ಲ ಮಾಮ. ನೆಟ್ಟಗಿರೋ ಕಬ್ಬಿಣ ಎರಡೂ ಕಡಿಂದ ಒತ್ತಿದ್ರ ಜಪ್ಪಯ್ಯ ಅನ್ನಂಗಿಲ್ಲ. ಇಷ್ಟು ಮಡಚಬೇಕಂದ್ರ ಭಾಳ ಜೋರ ಪೆಟ್ಟು ಬೀಳಬೇಕು. ಮೊದಲಾ ಬಾಗಿದ್ರ ಮಾತು ಬ್ಯಾರೆ. ಮೆಲ್ಲಕ ಹೊಂಟ್ರೂ ಮಡಚತೈತಿ. ಇದರಾಗ ಯಾವುದು ಖರೆ?"

ಮಾರೇಶ ಮೊದಲ ಸಲ ಅವಳತ್ತ ತಿರುಗಿದ. "ನೆಟ್ಟಗಿದ್ರ ಎಷ್ಟು ಬಂತು ನಿನ್ನ ಲೆಕ್ಕದಾಗ?"

"ನಲವತ್ತೊಂದು."

ಫಲಿತಾಂಶ ಕೇಳಿಸಿಕೊಂಡ ವಿದ್ಯಾರ್ಥಿಯಂತೆ ಅವನು ತಲೆಯಾಡಿಸಿದ. "ಹಂಗಾದ್ರ ಹಂಗಾ ಇರಬೇಕು ಬಿಡು."

"ಈಗಷ್ಟ ಜೋರ ಹೊಂಟಿದ್ದಿಲ್ಲ ಅಂದೆಲ್ಲ?"

"ನನಗೇನ್ ಗೊತ್ತವ್ವಾ. ಮೀಟರ್ ಕೆಟ್ಟು ಎರಡು ವರ್ಷ ಆಗೇತಿ," ಎಂದು ಹೇಳಿ ಅವನು ಗಿರಣಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ.

ಬಸ್ಸಿನಲ್ಲಿ ಕೂತ ಮೇಲೂ ಮೇಘಾಳಿಗೆ ಅದು ಬಗೆಹರಿಯಲಿಲ್ಲ. ತೋಳು ನೆಟ್ಟಗಿತ್ತೆಂದು ಟ್ರ್ಯಾಕ್ಟರ್ ಮಾಲೀಕರೂ ಹೇಳಿದ್ದರು. ಅವರು ಹಾಗೆ ಹೇಳಿದ್ದರಲ್ಲಿ ಅರ್ಥವಿತ್ತು. ರಿಪೇರಿ ಮಾಡಿಸದ ಟ್ರಾಲಿಯಲ್ಲಿ ಆಳು ಕಳಿಸಿದೆ ಎಂದು ಯಾರು ಒಪ್ಪುತ್ತಾರೆ? ಆದರೆ ಮಾರೇಶನಿಗೇನಾಗಿದೆ? ಬಾಗಿತ್ತು ಎಂಬ ಒಂದು ಮಾತಿನಿಂದ ಅವನ ವೇಗ ಹದಿನಾಲ್ಕಕ್ಕೆ ಇಳಿಯುತ್ತದೆ. ಮಾಲೀಕರಿಗೆ ಹೆದರಿದನೋ? ಗಿರಣಿ ಸೇರಿದ ಮೇಲೆ ಅವರ ಹಂಗೇನಿದೆ? ಅಥವಾ ನಿಜವಾಗಿಯೂ ನೆಟ್ಟಗೇ ಇತ್ತೋ? ತನಗೆ ಬೇಕಾದ ಉತ್ತರ ಬರಲೆಂದು ತಾನೇ ಮೂವತ್ತೈದು ಮಿಲಿಮೀಟರನ್ನು ಹುಟ್ಟಿಸಿದೆನೋ? ಹೊರಗೆ ಕೊಯ್ಲಿಗೆ ಬಂದ ಭತ್ತದ ಗದ್ದೆಗಳು ಒಂದಾದ ಮೇಲೊಂದು ಹಿಂದೆ ಸರಿಯುತ್ತಿದ್ದವು. ಕಿಟಕಿಗೆ ತಲೆಯಾನಿಸಿ ಕೂತವಳಿಗೆ ಊರು ಬಂದದ್ದೇ ತಿಳಿಯಲಿಲ್ಲ.

ಭಾನುವಾರ ಅವಳು ಕುರುಗೋಡಿಗೆ ಹೋದಳು. ಹುಲುಗಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಅಲ್ಲಿ ಮಗಳ ಮನೆಯಲ್ಲಿದ್ದಳು. ಬಂಡೆಗುಡ್ಡದ ಬುಡದ ಓಣಿ. ಅಂಗಳದಲ್ಲಿ ಮಂಚ, ಮಂಚದ ಪಕ್ಕ ಹಿಡಿದು ನಡೆಯುವ ನಾಲ್ಕು ಕಾಲಿನ ವಾಕರ್. ಅರವತ್ತರ ಹೆಂಗಸು ದಿಂಬಿಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೇಘಾ ಹೆಸರು ಹೇಳುವ ಮೊದಲೇ ಮುಖ ದಿಟ್ಟಿಸಿ, "ಮಾರೇಶನ ಅಪ್ಪ ಕೆಂಚಣ್ಣನ ಮೊಮ್ಮಗಳಲ್ಲೇನ ನೀನು? ಮೂಗು ಹೇಳತೈತಿ," ಎಂದಳು.

ಬೈಗುಳ ತಿನ್ನಲು ಸಿದ್ಧಳಾಗಿ ಬಂದಿದ್ದ ಮೇಘಾ ಮಂಚದ ತುದಿಗೆ ಕೂತು, ತಾನು ಬಂದದ್ದು ಯಾಕೆಂದು ತಡವರಿಸುತ್ತ ಹೇಳಿದಳು.

"ಆ ಕಬ್ಬಿಣಾನ?" ಹುಲುಗಮ್ಮ ಬೆಳ್ಳುಳ್ಳಿ ಬದಿಗಿಟ್ಟಳು. "ಬಾಗಿತ್ತವ್ವಾ. ಬ್ಯಾಸಿಗಿಯಿಂದಾನ ಬಾಗಿತ್ತು. ಅದರ ಮ್ಯಾಲ ಕಾಲಿಟ್ಟಾ ನಾವು ಟ್ರಾಲಿ ಹತ್ತತಿದ್ವಿ. ತಗ್ಗಾಗಿದ್ದಕ್ಕ ನನ್ನಂಥಾಕಿಗಿ ಹತ್ತಾಕ ಸಸಾರ ಆಗಿತ್ತು."

"ಎಷ್ಟು ಬಾಗಿತ್ತು ಅಮ್ಮಾ?"

ಹುಲುಗಮ್ಮ ಎರಡು ಬೆರಳು ಜೋಡಿಸಿ ಗಾಳಿಯಲ್ಲಿ ಅಡ್ಡ ಹಿಡಿದಳು. "ಇಷ್ಟು." ಆಮೇಲೆ ತನ್ನ ಬೆರಳನ್ನೇ ಅನುಮಾನದಿಂದ ನೋಡಿ, ಒಂದನ್ನು ಮಡಚಿದಳು. "ಇಷ್ಟಾ ಇತ್ತೋ ಏನೋ. ಕಾಲಿಗಿ ಗೊತ್ತಿತ್ತು ನೋಡು, ಕಣ್ಣಿಗಿ ಗೊತ್ತಿಲ್ಲ."

ಎರಡು ಬೆರಳಾದರೆ ಹದಿನಾಲ್ಕು. ಒಂದಾದರೆ? ಮೇಘಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಪ್ಪತ್ತಾರೋ, ಇಪ್ಪತ್ತೆಂಟೋ.

"ಮಾಮಗ ಗೊತ್ತಿತ್ತಾ?"

"ಗೊತ್ತಿಲ್ಲದೇನ! ಅವತ್ತ ಮುಂಜಾನಿ ಅವ ಹತ್ತಿಸ್ಕಣಾಕಾ ಒಲ್ಲೆ ಅಂದ. ವೆಲ್ಡಿಂಗ್ ಅಂಗಡಿಗಿ ಒಯ್ತೀನಿ, ನೀವು ನಡಕೊಂಡು ಹೋಗ್ರಿ ಅಂದ. ನಮ್ ಹನುಮಿ ಕೇಳಬೇಕಲ್ಲ. ನಾಕು ಮೈಲು ಯಾರ್ ನಡೀತಾರೋ ಮಾರೇಶ, ಏನಾಗಲ್ಲ ಬಿಡೋ ಅಂತ ತಾನಾ ಮೊದಲು ಹತ್ತಿದಳು. ನನ್ನ ಕೈ ಹಿಡಿದು ಜಗ್ಗಿದಳು. ಎಲ್ಲಾರೂ ಹತ್ತಿದ್ವಿ." ಹುಲುಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದನ್ನ ಯಾರೂ ನನ್ನ ಕೇಳಿಲ್ಲ. ನಾನೂ ಹೇಳಿಲ್ಲ."

"ಅವತ್ತು ಜೋರ ಹೊಂಟಿತ್ತೇನಮ್ಮಾ?"

ಆಕೆ ಬಹಳ ಹೊತ್ತು ಯೋಚಿಸಿದಳು. ಸುಳ್ಳು ಹೇಳುವ ಮುಖವಲ್ಲ. ಇಲ್ಲದ ನೆನಪನ್ನು ಹುಡುಕುವ ಮುಖ. "ಹನುಮಿ ಹಾಡತಿದ್ದಳು. ಗಾಳಿ ಚೊಲೋ ಬೀಸತಿತ್ತು. ಅಷ್ಟಾ ನೆನಪೈತಿ ತಂಗಿ."

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಮೇಘಾ ಮಾರೇಶನಿಗೆ ಫೋನ್ ಮಾಡಿದಳು. ಗಿರಣಿಯ ಗದ್ದಲದಲ್ಲಿ ಅವನ ಧ್ವನಿ ತುಂಡುತುಂಡಾಗಿ ಕೇಳಿತು.

"ಮಾಮ, ಹುಲುಗಮ್ಮ ಎಲ್ಲಾ ಹೇಳಿದಳು. ನೆಟ್ಟಗಿತ್ತು ಅಂತ ಯಾಕ ಸುಳ್ಳು ಹೇಳಿದಿ?"

ಗದ್ದಲ ನಿಧಾನವಾಗಿ ದೂರವಾಯಿತು. ಅವನು ಹೊರಗೆ ನಡೆದು ಬಂದಿರಬೇಕು. "ನೆಟ್ಟಗಿತ್ತಂದ್ರ ನನ್ನೊಬ್ಬನ ಮ್ಯಾಲ ಬರತೈತಿ. ಬಾಗಿತ್ತಂದ್ರ, ಗೊತ್ತಿದ್ದೂ ಯಾಕ ಹತ್ತಿಸಿದಿ ಅಂತಾರ. ಆಗ ಏನ್ ಹೇಳ್ಲಿ? ಸತ್ತಾಕಿ ಹೆಸರು ಹೇಳ್ಲಾ? ಅಕಿನಾ ಹತ್ತಿದಳ್ರೀ, ನಂದೇನ್ ತಪ್ಪಿಲ್ಲ ಅಂತ ಕೋರ್ಟಿನಾಗ ನಿಂತು ಹೇಳ್ಲಾ?"

ಮೇಘಾ ಕೇಳಬಾರದೆಂದು ಅಂದುಕೊಂಡದ್ದನ್ನೇ ಕೇಳಿದಳು. "ಖರೇ ಹೇಳು. ಜೋರ ಹೊಂಟಿದ್ದೇನು?"

"ಅದನ್ನ ನೀ ಹೇಳ್ತಿ ಅನ್ಕೊಂಡಿದ್ದೆ," ಎಂದ ಮಾರೇಶ. "ದಿನಾ ನೆನಸ್ತೀನಿ. ಒಮ್ಮೊಮ್ಮೆ ಮೆಲ್ಲಕ ಹೊಂಟಂಗ ನೆನಪಾಗತೈತಿ, ಒಮ್ಮೊಮ್ಮೆ ಏರಿ ಹಾರಿ ಹೊಂಟಂಗ. ನೀ ಓದಿದಾಕಿ, ಕಬ್ಬಿಣ ನೋಡಿ ಹೇಳ್ತಿ, ಅದು ಎಷ್ಟರ ಇರ್ಲಿ ಒಪ್ಕೊಂಡು ಕುಂದ್ರಾನ ಅಂತ ಮಾಡಿದ್ದೆ. ಅದಕ್ಕಾ ನಲವತ್ತೊಂದು ಅಂದಾಗ ಒಂದೀಟು ಹಗುರ ಆಗಿತ್ತು."

ಆ ವಾರವಿಡೀ ಮೇಘಾ ಕಾಲೇಜಿನಲ್ಲಿ ಕೂತು, ಬಾಗು ಒಂದೊಂದು ಮಿಲಿಮೀಟರ್ ಏರಿದಂತೆ ವೇಗ ಇಳಿಯುವ ಗೆರೆಯನ್ನು ಪೂರ್ತಿ ಬರೆದಳು. ಇಳಿಜಾರಿನಂಥ ಗೆರೆ, ಅದರ ಮೇಲೆ ಎಲ್ಲಿ ಬೇಕಾದರೂ ಮಾರೇಶನನ್ನು ನಿಲ್ಲಿಸಬಹುದಿತ್ತು. ಒಂದು ತುದಿಯಲ್ಲಿ ಅವನು ಅಪರಾಧಿ, ಇನ್ನೊಂದರಲ್ಲಿ ನತದೃಷ್ಟ. ಬಾಗಿದ್ದು ಗೊತ್ತಿದ್ದೂ ಅವನು ಓಡಿಸಿದ್ದರಿಂದ ಹಾಗೆ ಅಂದುಕೊಂಡದ್ದೂ ಈಗ ನಿಲ್ಲುತ್ತಿರಲಿಲ್ಲ. ಕೊನೆಗೆ ಎರಡು ಪುಟ ಬರೆದು, ಈಗಿನ ಮಡಿಕೆಯೊಂದರಿಂದಲೇ ವೇಗ ಹೇಳಲಾಗದು, ತೋಳು ಮೊದಲು ಎಷ್ಟು ಬಾಗಿತ್ತೆಂಬುದು ಗೊತ್ತಾಗಬೇಕು ಎಂದು ಸಹಿ ಹಾಕಿ ಸಂಗಮೇಶರ ಮೇಜಿನ ಮೇಲಿಟ್ಟಳು.

ಅವರು ಎರಡು ಸಲ ಓದಿದರು. "ಗೊತ್ತಿಲ್ಲ ಅನ್ನಾಕ ಇಷ್ಟು ಓದಬೇಕೇನ್ರಿ ಮೇಡಂ?"

"ಎಲ್ಲಿತನಕ ಗೊತ್ತು, ಎಲ್ಲಿಂದ ಗೊತ್ತಿಲ್ಲ ಅಂತ ಬರದೀನ್ರಿ," ಎಂದಳು ಮೇಘಾ.

ಮೂಲೆಯ ಬೆಂಚಿನ ಮೇಲೆ ಕೂತಿದ್ದ ಮಾರೇಶ ಎದ್ದು ಬಂದ. "ಬಾಗಿತ್ರೀ ಸರ," ಎಂದ. "ನನಗ ಗೊತ್ತಿತ್ತು. ಗೊತ್ತಿದ್ದೂ ಗಾಡಿ ಹೊಡದೀನಿ. ಬರ್ಕೊಳ್ರಿ. ಯಾರು ಮೊದಲು ಹತ್ತಿದ್ರು ಅನ್ನೋದು ಮಾತ್ರ ನನ್ನ ಕೇಳಬ್ಯಾಡ್ರಿ."

ಇದು ನಿನಗೇ ತಿರುಗುತ್ತದೆ ಎಂದು ಸಂಗಮೇಶ್ ಬಗೆಬಗೆಯಾಗಿ ಹೇಳಿ ನೋಡಿದರು. ಮಾರೇಶ ಕೇಳಿಸಿಕೊಂಡ, ಮಾತು ಬದಲಿಸಲಿಲ್ಲ. ಕಡೆಗೆ ವಕೀಲರು ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು.

ಅಲ್ಲಿಂದ ಅವನು ಗಿರಣಿಗೆ ಹೋಗಲಿಲ್ಲ. ಬಸ್ ನಿಲ್ದಾಣದವರೆಗೆ ಮೇಘಾಳ ಜೊತೆ ಬಂದವನು ಕುರುಗೋಡಿಗೆ ಎರಡು ಟಿಕೆಟ್ ಆಗಬಹುದೇ ಎಂಬಂತೆ ಅವಳ ಮುಖ ನೋಡಿದ. ಮೂರು ತಿಂಗಳಲ್ಲಿ ಅವನು ಹುಲುಗಮ್ಮನನ್ನು ಒಮ್ಮೆಯೂ ನೋಡಲು ಹೋಗಿರಲಿಲ್ಲ.

ಅವರು ತಲುಪಿದಾಗ ಇಳಿಹೊತ್ತು. ಮಗಳು ಹೊಲಕ್ಕೆ ಹೋಗಿದ್ದಳು; ಹುಲುಗಮ್ಮ ಒಬ್ಬಳೇ ಮಂಚದ ಮೇಲಿದ್ದಳು. ಮಾರೇಶ ಅಂಗಳದ ಅಂಚಿಗೆ ಬಂದವನು ಒಳಗೆ ಕಾಲಿಡಲಾರದೆ ನಿಂತ. ಚಪ್ಪಲಿ ಬಿಡಬೇಕೋ ಬಿಡಬಾರದೋ ತಿಳಿಯದೆ ಒಂದನ್ನು ಮಾತ್ರ ಬಿಟ್ಟಿದ್ದ.

ಹುಲುಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಂದ್ಯಾ," ಎಂದಳು. ಸಿಟ್ಟೋ ಸಮಾಧಾನವೋ ಮೇಘಾಳಿಗೆ ತಿಳಿಯಲಿಲ್ಲ. "ಇವತ್ತ ನಾ ಇನ್ನಾ ನಡದಿಲ್ಲ. ಡಾಕ್ಟರು ದಿನಾ ನಡಿ ಅಂದಾರ. ಏಳಿಸು ಬಾ."

ಮಾರೇಶ ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಬಂದು ಆಕೆಯ ಕಂಕುಳಿಗೆ ಕೈಕೊಟ್ಟ. ಆಕೆ ಹಲ್ಲು ಕಚ್ಚಿ ಎದ್ದು ವಾಕರ್ ಹಿಡಿದಳು. ಮೇಘಾ ಮುಂದೆ ಬಂದಾಗ ಹುಲುಗಮ್ಮ ಬೇಡವೆಂದು ತಲೆಯಾಡಿಸಿದಳು. ಒಂದು ಹೆಜ್ಜೆ, ನಿಲ್ಲುವುದು. ಮತ್ತೊಂದು ಹೆಜ್ಜೆ, ನಿಲ್ಲುವುದು.

ಅಂಗಳದ ನಡುವೆ ಹಳೆಯ ಸೀರೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ವಾಕರಿನ ಮುಂದಿನ ಕಾಲು ಅದರ ಅಂಚಿಗೆ ಬಂದು ನಿಂತಿತು. ಮಾರೇಶ ಒಂದು ಕೈಯಿಂದ ಆಕೆಯ ಮೊಣಕೈ ಹಿಡಿದುಕೊಂಡೇ ಬಗ್ಗಿ, ಇನ್ನೊಂದು ಕೈಯಿಂದ ಸೀರೆಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದ. ನಾಲ್ಕೈದು ಕಾಯಿ ನೆಲದ ಮೇಲೆ ಉಳಿದವು. ಅವನು ಅವನ್ನೂ ಒಂದೊಂದಾಗಿ ಆರಿಸಿ ಸೀರೆಯ ಮೇಲೆ ಹಾಕುವವರೆಗೆ ಹುಲುಗಮ್ಮ ತನ್ನ ಭಾರವನ್ನೆಲ್ಲ ಅವನ ಕೈ ಮೇಲೆ ಬಿಟ್ಟು ಕಾಯುತ್ತ ನಿಂತಿದ್ದಳು.