ಹೊರಗೆ ಹಾಕಿದ ಬಿಸಿ

ಪುಟ್ಟಿಯ ಅಮ್ಮ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಬೆಡ್‌ಶೀಟು ಹಿಂಡಿ ತಂತಿಗೆ ಎಸೆಯುವಷ್ಟರಲ್ಲಿ ಮೊದಲು ಹಾಕಿದ್ದ ಅಂಗಿಯ ತೋಳು ಒಣಗಿ ಗರಿಗರಿಯಾಗಿತ್ತು. ತಿಂಡಿಯ ಪಾತ್ರೆ ಇನ್ನೂ ತೊಳೆದಿಲ್ಲ, ಆಗಲೇ ಈ ಬಿಸಿಲು. ಚಪ್ಪಲಿ ಇಲ್ಲದೆ ತಾರಸಿಯಲ್ಲಿ ನಿಲ್ಲುವ ಹಾಗಿರಲಿಲ್ಲ.

ಪುಟ್ಟಿ ಕ್ಲಿಪ್ಪಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಎರಡನೇ ತರಗತಿ ಮುಗಿಸಿ ರಜೆಯಲ್ಲಿದ್ದ ಹುಡುಗಿ. ಬಾಯಿ ತೆರೆದರೆ ಪ್ರಶ್ನೆ.

“ಅಮ್ಮಾ, ಒಂದು ಕೇಳ್ಲಾ?”

“ಮೊದಲು ಕ್ಲಿಪ್ ಕೊಡು. ಆಮೇಲೆ ಕೇಳುವೆಯಂತೆ.”

“ನಮ್ಮ ಏಸಿ ಇದೆಯಲ್ಲ, ಅದು...”

“ಶ್! ಮೆಲ್ಲಗೆ. ಅಪ್ಪ ಈಗಷ್ಟೇ ಮಲಗಿದ್ದಾರೆ.”

ಅಪ್ಪ ರಾತ್ರಿ ಬಸ್ಸಿನ ಡ್ರೈವರು. ಹಗಲು ನಿದ್ದೆ ಮಾಡಿದರೆ ಮಾತ್ರ ರಾತ್ರಿ ಕಣ್ಣು ತೆರೆದಿರುತ್ತದೆ. ಬೇಸಿಗೆ ಶುರುವಾದಾಗ ಒಮ್ಮೆ ಸ್ಟೀರಿಂಗ್ ಹಿಡಿದಲ್ಲೇ ಕಣ್ಣು ಎಳೆದಿತ್ತು. ಕಂಡಕ್ಟರ್ ಕೂಗಿಕೊಳ್ಳದಿದ್ದರೆ ಬಸ್ಸು ತುಂಬ ಇದ್ದ ಜನ ಏನಾಗುತ್ತಿದ್ದರೋ. ಅದಾದ ಮೇಲೆಯೇ ಮನೆಗೆ ಏಸಿ ಬಂದದ್ದು. ಅದರ ಹೊರಗಿನ ಪೆಟ್ಟಿಗೆಯನ್ನು ಗಲ್ಲಿಯ ಕಡೆಯ ಗೋಡೆಗೆ ಕೂರಿಸಿದ್ದರು. ಗಲ್ಲಿಯೋ, ಈ ಕಿಟಕಿಯಿಂದ ಆ ಕಿಟಕಿಗೆ ಸಕ್ಕರೆ ಬಟ್ಟಲು ದಾಟಿಸುವಷ್ಟು ಕಿರಿದು.

ಅಮ್ಮ ಕೊನೆಯ ಟವೆಲ್ ಕೊಡವುತ್ತಿದ್ದಳು. ಆಗ ಕೆಳಗಿನಿಂದ ಕೂಗು ಬಂತು.

“ಪುಟ್ಟಿ ಅಮ್ಮಾ! ಬೇಗ ಬನ್ನಿ! ಮಗು ಕಣ್ಣು ಬಿಡ್ತಿಲ್ಲ!”

ಎದುರುಮನೆಯ ಟೈಲರಮ್ಮನ ದನಿ. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು. ಮಗು ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ಟವೆಲ್ ಅಲ್ಲೇ ಬಿತ್ತು. ಅಮ್ಮ ಮೆಟ್ಟಿಲಿಳಿಯುತ್ತಲೇ ಮಗಳಿಗೆ ಹೇಳಿದಳು, “ಓಡು, ಪಕ್ಕದ ಮನೆ ನರ್ಸಕ್ಕ ಡ್ಯೂಟಿಗೆ ಹೊರಡೋ ಹೊತ್ತು. ಹಿಡಿದುಕೊಂಡು ಬಾ!”

ಟೈಲರಮ್ಮನ ಮನೆಗೆ ಸಿಮೆಂಟ್ ಶೀಟಿನ ಮಾಡು. ಒಂದೇ ಕೋಣೆ, ಒಂದೇ ಕಿಟಕಿ. ಬಾಣಂತಿ ಗೋಡೆಗೆ ಒರಗಿ ಮಗುವನ್ನು ಎದೆಗೆ ಒತ್ತಿಕೊಂಡಿದ್ದಳು. ಮಗುವಿಗೆ ಉಣ್ಣೆ ಟೋಪಿ, ಮೇಲೆ ಕಂಬಳಿ. ಮುಖ ಕೆಂಡದ ಹಾಗೆ ಕೆಂಪು.

“ಬೆಳಗಿನಿಂದ ಹಾಲು ಕುಡಿದಿಲ್ಲ ಅಕ್ಕಾ. ಅಳ್ತಾನೂ ಇಲ್ಲ,” ಎಂದಳು.

ನರ್ಸಕ್ಕ ಚಪ್ಪಲಿ ಬಿಡದೆ ಒಳಗೆ ಬಂದಳು. ಮಗುವಿನ ಎದೆ ಮುಟ್ಟಿದಳು, ಟೋಪಿ ಕಿತ್ತಳು.

“ಈ ಸೆಕೆಯಲ್ಲಿ ಕಂಬಳಿ ಯಾರು ಹೊದಿಸಿದ್ದು?”

“ಹಸುಗೂಸಿಗೆ ಶೀತ ಆಗ್ಬಾರ್ದು ಅಂತ...” ಟೈಲರಮ್ಮ ತಡವರಿಸಿದಳು.

“ಬೈಯೋದು ಆಮೇಲೆ. ಈಗ ತಂಪಿರೋ ಜಾಗ ಬೇಕು. ಎಲ್ಲಿದೆ?”

“ನಮ್ಮ ರೂಮಿಗೆ ತನ್ನಿ,” ಎಂದಳು ಪುಟ್ಟಿಯ ಅಮ್ಮ.

ಬಾಗಿಲು ದಡಾರನೆ ತೆರೆದಾಗ ಅಪ್ಪ ರಗ್ಗು ಹೊದ್ದು ಮಲಗಿದ್ದ. ಏಸಿ ಹದಿನೆಂಟಕ್ಕೆ ಓಡುತ್ತಿತ್ತು. “ಏನೇ ಇದು ಸಂತೆ?” ಎಂದು ಗೊಣಗಿದವನು ಮಗುವನ್ನು ಕಂಡು ಎದ್ದು ಕೂತ. ಹಾಸಿಗೆ ಬಿಟ್ಟುಕೊಟ್ಟ.

ನರ್ಸಕ್ಕ ಬಟ್ಟೆ ಸಡಿಲಿಸಿದಳು. ಗಾಳಿ ನೇರವಾಗಿ ಬಡಿಯದಂತೆ ಮಗುವನ್ನು ಪಕ್ಕಕ್ಕೆ ಮಲಗಿಸಿ, ಒದ್ದೆ ಬಟ್ಟೆಯಿಂದ ಕೈಕಾಲು, ಕತ್ತು ಒರೆಸಿದಳು. ಸ್ವಲ್ಪ ಹೊತ್ತಿನ ಮೇಲೆ ಮಗು ಬೆಕ್ಕಿನ ಮರಿಯಂತೆ ಒಮ್ಮೆ ಕುಂಯ್ ಎಂದಿತು.

“ಬಾಯಿಗೆ ಒಂದು ಚಮಚ ನೀರು ಹಾಕ್ಲಾ?” ಎಂದಳು ಟೈಲರಮ್ಮ.

“ಬೇಡ! ಇಷ್ಟು ಚಿಕ್ಕ ಮಗುವಿಗೆ ತಾಯಿ ಹಾಲು ಮಾತ್ರ. ಆಟೋ ಕರೀರಿ, ಆಸ್ಪತ್ರೆಗೆ ಹೋಗ್ಲೇಬೇಕು.”

ಗಲ್ಲಿಯ ತುದಿಗೆ ಆಟೋ ಬಂತು. ಟೈಲರಮ್ಮನೂ ನರ್ಸಕ್ಕನೂ ಹತ್ತಿದ ಮೇಲೆ ಮಗುವನ್ನು ಹಿಡಿದಿದ್ದ ಬಾಣಂತಿ ಅತ್ತಳು, “ಮಗು ಬಟ್ಟೆ ಚೀಲ ಒಳಗೇ ಇದೆ!” ಅಪ್ಪ ಎದುರುಮನೆಗೆ ಓಡಿದ.

ಚೀಲ ಕಿಟಕಿಯ ಕೆಳಗಿತ್ತು. ಬಗ್ಗಿದವನ ಮುಖಕ್ಕೆ ಬಿಸಿಗಾಳಿ ರಪ್ಪನೆ ಹೊಡೆಯಿತು. ಬಸ್ಸಿನ ಇಂಜಿನ್ ಮುಚ್ಚಳ ಎತ್ತಿದಾಗ ಹೊಡೆಯುವಂಥದ್ದೇ ಗಾಳಿ. ಗೋಡೆಗೆ ತೂಗುಹಾಕಿದ್ದ ಅಳತೆಯ ಕಾಗದಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಕಿಟಕಿಯಾಚೆ ನೋಡಿದ. ಕೈಯಳತೆಯಲ್ಲಿ ಅವನದೇ ಏಸಿಯ ಪೆಟ್ಟಿಗೆ ಗುರ್ ಎಂದು ತಿರುಗುತ್ತಿತ್ತು.

ಚೀಲ ಕೊಟ್ಟು, ಆಟೋ ಕಳಿಸಿ, ಒಳಗೆ ಹೋಗಿ ಏಸಿ ಆರಿಸಿದ. ಮತ್ತೆ ಎದುರುಮನೆಗೆ ಹೋಗಿ ನಿಂತ. ಅಳತೆಯ ಕಾಗದಗಳು ಅಲುಗಾಡದೆ ಇಳಿಬಿದ್ದಿದ್ದವು.

ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. “ಅಪ್ಪಾ, ಒಂದು ಕೇಳ್ಲಾ?”

“ಈಗ ಬೇಡ ಮಗಳೇ,” ಎಂದ. ಬೈದ ದನಿಯಲ್ಲ ಅದು.

ಅವತ್ತು ಅವನಿಗೆ ನಿದ್ದೆ ಬರಲಿಲ್ಲ. ಡಿಪೋಗೆ ಫೋನ್ ಮಾಡಿ, ಇವತ್ತು ಬಸ್ ಓಡಿಸಲಾರೆ ಎಂದ. ಅಮ್ಮ ಪಾತ್ರೆ ತೊಳೆದಳು, ಒಲೆ ಹೊತ್ತಿಸಿದಳು, ಕಿವಿಯೆಲ್ಲ ಗಲ್ಲಿಯ ಕಡೆಗೇ. ಸಂಜೆಗೆ ನರ್ಸಕ್ಕ ಬಂದಳು.

“ಹಾಲು ಕುಡೀತು. ನಾಳೆ ಕಳಿಸಬಹುದು ಅಂದ್ರು ಡಾಕ್ಟರು. ಇನ್ನೂ ತಡ ಆಗಿದ್ರೆ ಕಷ್ಟ ಇತ್ತಂತೆ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ನೆಲ ನೋಡುತ್ತಲೇ ಕೇಳಿದ, “ನಮ್ಮ ಏಸಿಯಿಂದಲೇ ಆಯ್ತಾ ಅಕ್ಕಾ?”

“ಅದೊಂದರಿಂದಲೇ ಅಂತ ಹೇಳಲ್ಲ ಡ್ರೈವರಣ್ಣ. ಕಾದ ಶೀಟು, ಗಾಳಿಯಾಡದ ರೂಮು, ಮೈತುಂಬ ಬಟ್ಟೆ. ಅದರ ಮೇಲೆ ನಿಮ್ಮ ಬಿಸಿಗಾಳಿ. ಗಾಯದ ಮೇಲೆ ಬರೆ ಎಳೆದ ಹಾಗಾಯ್ತು.”

“ಹಾಗಂತ ಏಸಿ ಕಿತ್ತು ಹಾಕ್ಲಾ? ನಿದ್ದೆಗೆಟ್ಟು ಬಸ್ ಹತ್ತಿದ್ರೆ ಎಷ್ಟು ಜನರ ಪ್ರಾಣ!”

“ಕೀಳಿ ಅಂದ್ನಾ ನಾನು?”

ಮಾತು ಕೇಳಿ ಮೂಲೆಮನೆಯ ತಾತ ಜಗಲಿಗೆ ಬಂದು ಕೂತಿದ್ದ. ಗಡಿಯಾರ ರಿಪೇರಿಯವನು. ಜಗಳ ಎಲ್ಲಿದ್ದರೂ ಅವನಿಗೆ ವಾಸನೆ ಬಡಿಯುತ್ತದೆ. “ಬೇಸಿಗೆ ಅಂದ್ರೆ ಸೆಕೆ ಇರುತ್ತೆ ಕಣಮ್ಮಾ. ನಮ್ಮ ಕಾಲದಲ್ಲಿ ಇರ್ಲಿಲ್ವಾ?”

“ಇತ್ತು ತಾತ. ಆದ್ರೆ ನಿಮ್ಮ ಕಾಲದಲ್ಲಿ ರಾತ್ರಿ ಗೋಡೆ ತಣ್ಣಗಾಗ್ತಿತ್ತು. ಈಗ ಆಗುತ್ತಾ?”

ತಾತ ಗಲ್ಲ ಕೆರೆದುಕೊಂಡ. “ಅದು ನಿಜ. ಈಗ ಗೋಡೆಗೆ ಬೆನ್ನು ಕೊಟ್ಟರೆ ದೋಸೆ ಕಾವಲಿ.”

“ಬೆಳಿಗ್ಗೆ ನೋಡಿದ್ರಲ್ಲ, ಪ್ರೀತಿಯಿಂದಲೇ ಕೂಸಿಗೆ ಕಂಬಳಿ ಹೊದಿಸಿದ್ರು. ನಾವು ಭೂಮಿಗೆ ಮಾಡ್ತಿರೋದೂ ಅದನ್ನೇ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡ್ತೀವಿ, ಎಣ್ಣೆ ಸುಟ್ಟು ಗಾಡಿ ಓಡಿಸ್ತೀವಿ. ಆ ಹೊಗೆಯಲ್ಲಿರೋ ಕಣ್ಣಿಗೆ ಕಾಣದ ಅನಿಲ ಮೇಲೆ ನಿಂತು ಕಂಬಳಿ ಆಗುತ್ತೆ. ಒಳಗಿನ ಬಿಸಿ ಹೊರಗೆ ಹೋಗಲ್ಲ. ಸೆಕೆ ಅಂತ ನಾವು ಏಸಿ ಜಾಸ್ತಿ ಹಾಕ್ತೀವಿ. ಅದಕ್ಕೆ ಇನ್ನಷ್ಟು ಕರೆಂಟು, ಇನ್ನೊಂದು ಕಂಬಳಿ.”

“ದೊಡ್ಡ ದೊಡ್ಡ ಕಾರ್ಖಾನೆಯೋರು ಹೊಗೆ ಬಿಡ್ತಾರೆ. ನಮ್ಮ ಒಂದು ಮನೆಯಿಂದ ಏನಾಗುತ್ತೆ?” ಎಂದ ಅಪ್ಪ.

“ಹನಿ ಹನಿ ಗೂಡಿದ್ರೆ ಹಳ್ಳ ಅಂತ ಮಾತ್ರ ಹೇಳ್ಬೇಡಮ್ಮಾ,” ತಾತ ಕೈಮುಗಿದ. “ಕೇಳಿ ಕೇಳಿ ಕಿವಿ ತೂತಾಗಿದೆ.”

ನರ್ಸಕ್ಕ ನಕ್ಕಳು. “ಹೇಳಲ್ಲ ತಾತ. ಆದ್ರೆ ನಮ್ಮ ಮನೆ ಮುಂದೆ ನಾವು ಗುಡಿಸ್ಬೇಕು. ಚರಂಡಿ ಯಾಕೆ ಕಟ್ಟಿದೆ ಅಂತ ಊರಿನೋರನ್ನೂ ಕೇಳ್ಬೇಕು. ಇದೂ ಹಾಗೇ. ಎರಡೂ ನಮ್ಮ ಕೆಲಸವೇ.”

ಅಪ್ಪ ಎದ್ದು ಗಲ್ಲಿಗೆ ಇಳಿದು ಏಸಿಯ ಪೆಟ್ಟಿಗೆಯ ಕಡೆ ತಲೆ ಎತ್ತಿ ನೋಡಿದ. ಕೊನೆಗೆ, “ಎಲ್ಲಿಂದ ಶುರು ಮಾಡ್ಲಿ, ಅದನ್ನ ಹೇಳಿ,” ಎಂದ.

“ನಿಮ್ಮ ತಲೆ ಮೇಲಿಂದ.”

ಭಾನುವಾರ ಗಲ್ಲಿಗೆ ಗಲ್ಲಿಯೇ ಮಾಡು ಹತ್ತಿತು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಒಳಗೆ ಕಾವು ಇಳಿಯುವುದು ಕಡಿಮೆಯಾಗುತ್ತದೆ. ಹಾಗಾಗಿ ಬಕೆಟ್ಟುಗಳಲ್ಲಿ ಸುಣ್ಣ ಕಲಸಿದರು. ಟೈಲರಮ್ಮನ ಶೀಟಿನ ಮೇಲೆ ಕಾಲಿಟ್ಟರೆ ಒಡೆಯುತ್ತದೆ. ಅಪ್ಪ ಏಣಿಯ ಮೇಲೆ ನಿಂತು ಉದ್ದ ಕೋಲಿಗೆ ಬ್ರಷ್ ಕಟ್ಟಿ ಬಳಿದ. ಮೂಗಿನ ಮೇಲೆಲ್ಲ ಸುಣ್ಣ.

“ಡ್ರೈವರಣ್ಣ, ಶೀಟಿಗೆ ಬಳೀರಿ, ಮುಖಕ್ಕಲ್ಲ!” ಎಂದಳು ಟೈಲರಮ್ಮ. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಅವಳು ಹಳೆಯ ಗೋಣಿಚೀಲಗಳನ್ನು ಸೇರಿಸಿ ಹೊಲಿದು ಎರಡೂ ಮನೆಯ ಕಿಟಕಿಗಳ ಹೊರಗೆ ನೆರಳು ಕಟ್ಟಿದಳು. ಏಸಿಯ ಪೆಟ್ಟಿಗೆ ಗಲ್ಲಿ ಬಿಟ್ಟು ತಾರಸಿಗೆ ಹೋಯಿತು. ಅಲ್ಲಿಂದಲೂ ಬಿಸಿ ಹೋಗುವುದು ಎಲ್ಲರ ಆಕಾಶಕ್ಕೇ ಎಂದು ನರ್ಸಕ್ಕ ಎಚ್ಚರಿಸಿದ್ದಳು. ಅದಕ್ಕೇ ಹದಿನೆಂಟು ಇದ್ದದ್ದು ಇಪ್ಪತ್ತಾರಾಯಿತು, ಜೊತೆಗೆ ಫ್ಯಾನು. ಅಪ್ಪನಿಗೆ ಗೊರಕೆ ಹೊಡೆಯುವಷ್ಟು ನಿದ್ದೆ ಬಂತು, ರಗ್ಗು ಮಾತ್ರ ಬೇಕಾಗಲಿಲ್ಲ. ಬಾಣಂತಿ ಮಧ್ಯಾಹ್ನದ ಉರಿ ಇಳಿಯುವವರೆಗೆ ಪುಟ್ಟಿಯ ಮನೆಯಲ್ಲೇ ಮಗುವಿನೊಂದಿಗೆ ಇರುತ್ತಿದ್ದಳು. ಒಂದೇ ತಂಪಿನಲ್ಲಿ ಎರಡು ಮನೆ.

ಗಲ್ಲಿಯ ಮಾಡುಗಳು ಬೆಳ್ಳಗಾದ ಸುದ್ದಿ ಕೇಳಿ ಆ ಭಾನುವಾರದ ಸಂಜೆಯೇ ವಾರ್ಡಿನ ಸದಸ್ಯರು ಬಂದಿದ್ದರು. ಗಲ್ಲಿಯ ತುದಿಯಲ್ಲಿ ಗಾಜು ಏರಿಸಿದ ಕಾರಿನಿಂದ ಇಳಿದು ಕರವಸ್ತ್ರದಿಂದ ಹಣೆ ಒತ್ತಿಕೊಂಡರು. ಕಾರಿನ ಇಂಜಿನ್ ನಿಂತಿರಲಿಲ್ಲ, ಒಳಗೆ ಏಸಿ ಓಡುತ್ತಲೇ ಇತ್ತು. “ಭೇಷ್, ಭೇಷ್! ಒಳ್ಳೇ ಕೆಲಸ. ಏನಾದ್ರೂ ಕೇಳೋದಿದ್ರೆ ಕೇಳಿ,” ಎಂದರು.

ಕೇಳುವುದು ಬೇಕಾದಷ್ಟಿತ್ತು. ರಸ್ತೆ ಅಗಲ ಮಾಡಲು ಕಡಿದ ಮರಗಳ ಬದಲಿಗೆ ಒಂದು ಸಸಿಯೂ ಬಂದಿರಲಿಲ್ಲ. ಹಗಲು ಬಸ್ಸು ಕಡಿಮೆಯಾಗಿ ಎಲ್ಲರೂ ಗಾಡಿ ತೆಗೆಯುತ್ತಿದ್ದರು. ಆದರೂ ದೊಡ್ಡವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾತನ ಬಾಯಿಗೂ ಬೀಗ.

ಓದುತ್ತಿರುವ ನೀವೂ ಎಂದಾದರೂ ಹೀಗೆ ಸುಮ್ಮನೆ ನಿಂತಿರಬಹುದು. ಇನ್ನು ನಿಲ್ಲಬೇಡಿ. ಇವತ್ತೇ ನಿಮ್ಮ ಮನೆಯ ಹೊರಗೆ ಬಂದು ಕೈ ಒಡ್ಡಿ ನೋಡಿ, ನಿಮ್ಮ ಬಿಸಿ ಯಾರ ಕಿಟಕಿಗೆ ಹೋಗುತ್ತಿದೆ ಎಂದು. ಮಾಡಿಗೆ ಬಿಳಿ ಬಳಿಯಿರಿ, ಕಿಟಕಿಗೆ ನೆರಳು ಕೊಡಿ, ಬೇಡದ ಸ್ವಿಚ್ಚು ಆರಿಸಿ, ಬಸ್ಸು ಹೋಗುವ ಕಡೆಗೆ ಬಸ್ಸಿನಲ್ಲೇ ಹೋಗಿ. ಪಕ್ಕದಲ್ಲಿ ಕೂಸೋ ಮುದುಕರೋ ಇದ್ದರೆ ನಿಮ್ಮ ತಂಪಿನಲ್ಲಿ ಜಾಗ ಕೊಡಿ. ಆಮೇಲೆ, ಅಧಿಕಾರದಲ್ಲಿರುವವರನ್ನು ಕೇಳಿ. ಕೇಳಲು ಹೆದರಿಕೆಯಾದರೆ ಮಕ್ಕಳನ್ನು ನೋಡಿ ಕಲಿಯಿರಿ.

ಪುಟ್ಟಿ ಅಮ್ಮನ ಸೆರಗು ಜಗ್ಗಿದಳು. “ಅಮ್ಮಾ, ಈಗ ಕೇಳ್ಲಾ?”

ಅಮ್ಮ ಮಗಳ ಹಣೆಯ ಸುಣ್ಣ ಒರೆಸಿದಳು. “ಕೇಳು ಕಂದಾ. ಗಟ್ಟಿಯಾಗಿ ಕೇಳು.”

ಪುಟ್ಟಿ ಕಾರಿನ ಮುಂದೆ ಹೋಗಿ ನಿಂತಳು.

“ಎಲ್ಲರೂ ಅವರವರ ಬಿಸಿಯನ್ನ ಹೊರಗೆ ಹಾಕಿದ್ರೆ, ಹೊರಗೆ ಇರೋರು ಎಲ್ಲಿಗೆ ಹೋಗ್ಬೇಕು?”